ಮುಟ್ಟಬೇಡಿ, ಮದುವೆ ನಡೆಯುತ್ತಿದೆ

2006ರ ಏಪ್ರಿಲ್ 19ರ ಬುಧವಾರ, ಬೆಳಿಗ್ಗೆ 11 ಗಂಟೆ 20 ನಿಮಿಷಕ್ಕೆ, ಕೋಲಾರದ ನಮ್ಮ ಪತ್ರಿಕಾ ಕಚೇರಿಯ ಕಂಪ್ಯೂಟರಿನಲ್ಲಿ ಕ್ಯಾಲನೂರಿನ ಒಂದು ಮದುವೆ ಶೇಕಡ 63ಕ್ಕೆ ನಿಂತುಹೋಯಿತು.

ಈ ಗಂಟೆ, ನಿಮಿಷ ನನ್ನ ತಲೆಯಲ್ಲಿ ಉಳಿದದ್ದಲ್ಲ. ನೋಟ್‌ಬುಕ್ಕಿನಲ್ಲಿ ಇದ್ದದ್ದು. ಕಳೆದ ತಿಂಗಳು ಬೇರೇನೋ ಕೆಲಸಕ್ಕೆ ಹೋದವನು ಆ ಕಟ್ಟಡದ ಮೆಟ್ಟಿಲು ಹತ್ತಿದೆ. ಪತ್ರಿಕೆ ನಿಂತು ಬಹಳ ವರ್ಷವಾಗಿದೆ. ನಾವು ಕೂರುತ್ತಿದ್ದ ಮಹಡಿಯಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿ ಇದೆ. ಅಲ್ಲಿ ಯಾವುದೋ ಯಂತ್ರದ ಹೊಟ್ಟೆ ಬಿಚ್ಚಿಟ್ಟಿದ್ದರು. ಕಾದ ಪ್ಲಾಸ್ಟಿಕ್ಕು ಮತ್ತು ಸುಟ್ಟ ದೂಳಿನ ವಾಸನೆ ಬಂತು. ಆ ಬೇಸಿಗೆಯಲ್ಲಿ ಐದೈದು ಗಂಟೆ ಬಿಡದೆ ಓಡಿದ ನಮ್ಮ ಕಂಪ್ಯೂಟರಿನ ಬೆನ್ನಿನಿಂದ ಬರುತ್ತಿದ್ದ ವಾಸನೆ ಅದೇ. ಮನೆಗೆ ಬಂದು ಹಳೆಯ ನೋಟ್‌ಬುಕ್ಕುಗಳ ಕಟ್ಟು ಬಿಚ್ಚಿದೆ. 2006ರ ಪುಸ್ತಕದಲ್ಲಿ ತಾಲ್ಲೂಕು ಪಂಚಾಯಿತಿ ಸಭೆ, ಟೊಮೆಟೊ ಮಂಡಿಯ ದರ, ಅಪಘಾತಗಳ ನಡುವೆ ಹನ್ನೆರಡು ಮದುವೆಗಳ ಲೆಕ್ಕ ಸಿಕ್ಕಿತು. ಕಂಪ್ಯೂಟರಿಗೆ ಇಳಿಸಿದವುಗಳ ಎದುರಿಗೆ ಎರಡು ಸಮಯ, ಒಂದು ಶೇಕಡಾವಾರು.

ಇವೆಲ್ಲ ಶುರುವಾದದ್ದು ಮುಳಬಾಗಿಲಿನಲ್ಲಿ, ನನ್ನ ದೊಡ್ಡಮ್ಮನ ಮನೆಯಲ್ಲಿ.

ದೊಡ್ಡಮ್ಮನ ಹೆಸರು ನಂಜಮ್ಮ. ದೊಡ್ಡಪ್ಪ ಸಹಕಾರ ಸಂಘಗಳಲ್ಲಿ ಲೆಕ್ಕಿಗರಾಗಿದ್ದರು. ವರ್ಗವಾದಲ್ಲೆಲ್ಲ ಮನೆ ಮಾಡಿ ಕೋಲಾರ, ಅದರ ಪಕ್ಕದ ಕ್ಯಾಲನೂರು, ಮಾಲೂರು, ಶ್ರೀನಿವಾಸಪುರ ಸುತ್ತಿ ಕೊನೆಗೆ ಮುಳಬಾಗಿಲಿಗೆ ಬಂದು ನಿಂತರು. ಹೋದ ಊರಲ್ಲೆಲ್ಲ ದೊಡ್ಡಮ್ಮ ಮದುವೆಗಳಲ್ಲಿ ಹಾಡಿದರು. ಅವರು ಎಲ್ಲರಂತೆ ಆರತಿ ಹಾಡು ಹೇಳಿ ಕೂರುವವರಲ್ಲ. ಗಂಡಿನ ಕಡೆಯವರನ್ನು ಎದುರಿಗೆ ಕೂರಿಸಿಕೊಂಡು ಗೇಲಿ ಮಾಡುವ ಬೀಗರ ಹಾಡು ಅವರದು. ಅದನ್ನು ಅವರೇ ಕಟ್ಟಿದ್ದು. ಬೀಗರು ಯಾವ ಊರಿನವರೋ ಆ ಊರಿಗೆ ತಕ್ಕ ಸಾಲು ಹಾಕುತ್ತಿದ್ದರು. ಶ್ರೀನಿವಾಸಪುರದವರಾದರೆ ಮಾವು, ಮಾಲೂರಿನವರಾದರೆ ಹೆಂಚು. ಕರೆದವರ ಮನೆಗೆಲ್ಲ ಹೋಗುತ್ತಿದ್ದರು. ಕರೆಯದ ಮನೆಗಳಿಗೂ ಒಂದೆರಡು ಸಲ ಹೋಗಿದ್ದಾರೆಂದು ದೊಡ್ಡಪ್ಪ ಹೇಳುತ್ತಿದ್ದರು.

2005ರ ಕೊನೆಯಲ್ಲಿ ಅವರ ಗಂಟಲಿಗೆ ಆಪರೇಷನ್ ಆಯಿತು. ಜೀವಕ್ಕೆ ತೊಂದರೆಯಾಗಲಿಲ್ಲ, ಆದರೆ ಧ್ವನಿ ಹೋಯಿತು. ಅಂದಿನಿಂದ ದೊಡ್ಡಮ್ಮ ಒಂದು ಸ್ಲೇಟು, ಒಂದು ಬಳಪ ಇಟ್ಟುಕೊಂಡರು. ಸೊಂಟಕ್ಕೆ ಸಿಕ್ಕಿಸಿದ ಒದ್ದೆ ಬಟ್ಟೆಯಲ್ಲಿ ಒರೆಸಿ ಒರೆಸಿ ಬರೆಯುತ್ತಿದ್ದರು. ಮಾತು ಹೋದ ಮೇಲೆ ಅವರು ಇನ್ನೂ ಚುರುಕಾದರೆಂದು ಮನೆಯವರೆಲ್ಲರ ಅಭಿಪ್ರಾಯ.

2006ರ ಫೆಬ್ರವರಿಯಲ್ಲಿ ಅವರ ಕಿರಿಯ ಮಗಳು ಸುಧಾಗೆ ಮದುವೆ ಗೊತ್ತಾಯಿತು. ಗಂಡು ಮಾಲೂರಿನವರು. ಮುಹೂರ್ತ ಮೇ 7, ಭಾನುವಾರ. ಛತ್ರವೂ ಮಾಲೂರಿನಲ್ಲೇ. ನಾನು ಹೋದ ದಿನ ದೊಡ್ಡಮ್ಮನ ಹಿರಿಯ ಮಗಳು ಗಿರಿಜಕ್ಕ ನಡುಮನೆಯಲ್ಲಿ ಒಂದು ನೋಟ್‌ಪುಸ್ತಕ ಹಿಡಿದು ಕೂತಿದ್ದಳು. ದೊಡ್ಡಮ್ಮ ಬೀಗರ ಹಾಡಿನ ಎಲ್ಲ ಸಾಲುಗಳನ್ನೂ ಅದರಲ್ಲಿ ಬರೆದುಕೊಟ್ಟಿದ್ದರು.

“ಮಾತೆಲ್ಲ ಇದೆ ಕಣೋ ಮೂರ್ತಿ,” ಎಂದಳು ಗಿರಿಜಕ್ಕ. “ಧಾಟಿ ಎಲ್ಲಿಂದ ತರ್ಲಿ? ಮೊದಲ ಎರಡು ಸಾಲು ಎಲ್ಲರಿಗೂ ಬರತ್ತೆ. ಮೂರನೇದು ಮೇಲಕ್ಕೇರತ್ತಲ್ಲ, ಅದು ಅಮ್ಮ ಒಬ್ಬಳೇ ಹೇಳ್ತಿದ್ದಿದ್ದು. ನಾವೆಲ್ಲ ಹಿಂದೆ ಕೂತು ‘ಹೌದೇನಮ್ಮ, ಹೌದಮ್ಮ’ ಅಂತ ಚಪ್ಪಾಳೆ ಹೊಡೀತಿದ್ವಿ ಅಷ್ಟೆ.”

ಅವಳು ಒಂದು ಸಲ ಹೇಳಿ ತೋರಿಸಿದಳು. ಮೂರನೆಯ ಸಾಲು ಏರಲೂ ಇಲ್ಲ, ಇಳಿಯಲೂ ಇಲ್ಲ. ದೊಡ್ಡಮ್ಮ ಸ್ಲೇಟಿನಲ್ಲಿ ಬರೆದು ನನ್ನ ಕಡೆ ತಿರುಗಿಸಿದರು: ‘ಇದು ಬೀಗರ ಹಾಡಲ್ಲ. ವಾರ್ತೆ.’

ನಾಲ್ಕು ಮಂದಿ ಹೆಂಗಸರು ನಾಲ್ಕು ರೀತಿ ಹೇಳಿದರು. ದೊಡ್ಡಮ್ಮ ಎಲ್ಲದಕ್ಕೂ ಅಡ್ಡ ತಲೆಯಾಡಿಸಿದರು. ಕೈಯಲ್ಲಿ ಗಾಳಿಯೊಳಗೆ ಏರು ಇಳಿವು ಬರೆದು ತೋರಿಸಿದರು. ಯಾರಿಗೂ ಹೊಳೆಯಲಿಲ್ಲ. ಸುಧಾ ಒಂದೇ ಮಾತು ಹೇಳಿದಳು: “ನಲವತ್ತು ವರ್ಷ ಊರವರ ಮದುವೇಲೆಲ್ಲ ಅಮ್ಮ ಹೇಳಿದ್ದಾಳೆ. ನನ್ನ ಮದುವೇಲಿ ಮಾತ್ರ ಇರಲ್ವಾ?”

ಮದುವೆಗಳಿಗೆ ವಿಡಿಯೊ ತೆಗೆಯುವುದು ಬಂದು ಆಗಲೇ ಎಷ್ಟೋ ವರ್ಷವಾಗಿತ್ತು. ದೊಡ್ಡಮ್ಮ ಹಾಡಿದ ಮದುವೆಗಳ ಸಿಡಿಗಳು ನಾಲ್ಕೂ ತಾಲ್ಲೂಕುಗಳ ಮನೆಗಳಲ್ಲಿ ಇರಬೇಕು. ಅವನ್ನು ತಂದು, ಕಂಪ್ಯೂಟರಿಗೆ ಇಳಿಸಿ, ಹಾಡಿನ ಭಾಗ ಮಾತ್ರ ಕತ್ತರಿಸಿ ಒಂದು ಸಿಡಿ ಮಾಡಿಕೊಡುತ್ತೇನೆ ಎಂದೆ. ಧ್ವನಿ ಸಾಕಲ್ಲ ಎಂದೂ ಕೇಳಿದೆ. ದೊಡ್ಡಮ್ಮ ಬರೆದರು: ‘ಚಿತ್ರವೂ ಬೇಕು. ಎಲ್ಲಿ ತಡೀಬೇಕು ಅನ್ನೋದು ಕೈ ಹೇಳತ್ತೆ.’

ನಮ್ಮದು ನಾಲ್ಕು ಪುಟದ ಜಿಲ್ಲಾ ಪತ್ರಿಕೆ. ಕಚೇರಿಯಲ್ಲಿದ್ದ ಎರಡು ಕಂಪ್ಯೂಟರುಗಳಲ್ಲಿ ಒಂದು ಹೊಸದು. ಅದರಲ್ಲಿ ಪುಟ ಕಟ್ಟುತ್ತಿದ್ದರು. ಇನ್ನೊಂದು ಮೂಲೆಯಲ್ಲಿತ್ತು. ಹಳೆಯದು, ಜಾಹೀರಾತುಗಳನ್ನು ಟೈಪ್ ಮಾಡುವುದಕ್ಕಷ್ಟೇ. ಹೊಸದು ಷಾಹೀನಳ ವಶದಲ್ಲಿತ್ತು. ಷಾಹೀನ ನಮ್ಮ ಡಿಟಿಪಿ ಮಾಡುವ ಹುಡುಗಿ. ಕೋಲಾರದವಳೇ. ಕೀಲಿಮಣೆ ನೋಡದೆ ಟೈಪ್ ಮಾಡುತ್ತ, ನಮ್ಮ ಸುದ್ದಿಯ ತಪ್ಪು ತಿದ್ದುತ್ತ, ಅದೇ ಹೊತ್ತಿಗೆ ಫೋನಿನಲ್ಲಿ ಜಾಹೀರಾತಿನವರ ಜೊತೆ ಜಗಳವನ್ನೂ ಆಡಬಲ್ಲವಳು. ಪುಟದ ಕೆಲಸ ಮಧ್ಯಾಹ್ನ ಮೂರಕ್ಕೆ ಶುರು. ಬೆಳಿಗ್ಗೆ ಏಳರಿಂದ ಮೂರರವರೆಗೆ ಯಂತ್ರ ಖಾಲಿ.

“ಎಷ್ಟು ಮದುವೆ ಸಾರ್?” ಎಂದು ಕೇಳಿದಳು.

“ಹನ್ನೊಂದು ಸಿಡಿ ಸಿಕ್ಕಿವೆ.”

“ಹಾರ್ಡ್ ಡಿಸ್ಕಲ್ಲಿ ಎರಡು ಮದುವೆಗೆ ಜಾಗ ಇದೆ ಸಾರ್. ಮೂರನೇದು ಮಾಡ್ಬೇಕಂದ್ರೆ ಮೊದಲನೇದನ್ನ ಅಳಿಸ್ಬೇಕು.”

ಲೆಕ್ಕ ಹೀಗಿತ್ತು. ಗೀರಿಲ್ಲದ ಸಿಡಿಯನ್ನು ಕಂಪ್ಯೂಟರಿಗೆ ಇಳಿಸಲು ಹತ್ತು ನಿಮಿಷ ಸಾಕು. ಗೀರಿದ್ದರೆ ಎಷ್ಟು ಹೊತ್ತೆಂದು ಯಾರೂ ಹೇಳಲಾರರು. ಇಳಿಸಿದ್ದನ್ನು ಕತ್ತರಿಸಬೇಕಾದರೆ ನಮ್ಮಲ್ಲಿದ್ದ ಸಾಫ್ಟ್‌ವೇರು ಒಪ್ಪುವ ರೂಪಕ್ಕೆ ಕನ್ವರ್ಟ್ ಮಾಡಬೇಕು. ಒಂದು ಗಂಟೆಯ ವಿಡಿಯೊಗೆ ಮೂರು ಗಂಟೆ ಹಿಡಿಯುತ್ತಿತ್ತು. ಆ ಹೊತ್ತಿನಲ್ಲಿ ಬೇರೇನನ್ನೂ ತೆರೆಯುವಂತಿಲ್ಲ. ತೆರೆದರೆ ಯಂತ್ರ ಸ್ತಬ್ಧ, ಮೊದಲಿನಿಂದ ಶುರು. ಕರೆಂಟು ಹೋದರೆ ಯುಪಿಎಸ್ ಹದಿನೈದು ನಿಮಿಷ ಹಿಡಿಯುತ್ತಿತ್ತು, ಆಮೇಲೆ ಮೊದಲಿನಿಂದ ಶುರು.

ಕರೆಂಟಿನ ವಿಷಯದಲ್ಲಿ ನನಗೊಂದು ಅನುಕೂಲವಿತ್ತು. ವಿದ್ಯುತ್ ವ್ಯತ್ಯಯದ ಪ್ರಕಟಣೆ ಊರಿಗೆ ತಿಳಿಯುವ ಮೊದಲು ನನ್ನ ಮೇಜಿಗೆ ಬರುತ್ತಿತ್ತು. ನಾಳೆ ನಮ್ಮ ಬೀದಿಗೆ ಹತ್ತರಿಂದ ಹನ್ನೆರಡು ಕಡಿತ ಎಂದಿದ್ದರೆ ಏಳಕ್ಕೇ ಸಿಡಿ ಹಾಕುವುದು, ಹತ್ತಕ್ಕೆ ಐದು ನಿಮಿಷವಿರುವಾಗ ಮುಗಿಯುವಂತೆ ಭಾಗ ಮಾಡಿಕೊಳ್ಳುವುದು. ಷಾಹೀನ ಆ ಪ್ರಕಟಣೆಯ ಪಕ್ಕದಲ್ಲಿ ಮದುವೆಗಳ ಸರದಿ ಬರೆದು ಗೋಡೆಗೆ ಅಂಟಿಸಿದಳು.

ಮೊದಲ ವಾರದಲ್ಲೇ ಸಂಪಾದಕ ಚೌಡಪ್ಪನವರು ತಮ್ಮ ಸಂಪಾದಕೀಯದಲ್ಲಿ ಒಂದು ಒತ್ತು ತಿದ್ದಬೇಕೆಂದು ಕಂಪ್ಯೂಟರಿನ ಮುಂದೆ ಕೂತರು. ಎರಡೂವರೆ ಗಂಟೆಯ ಕೆಲಸ ಶೇಕಡ 91ರಲ್ಲಿ ಹೋಯಿತು. ಷಾಹೀನ ಮೊದಲಿನಿಂದ ಶುರು ಮಾಡಿದಳು. ಮರುದಿನ ಮಾನಿಟರಿನ ನೆತ್ತಿಯ ಮೇಲೆ, ನಮ್ಮ ಮುಖಪುಟದ ಶೀರ್ಷಿಕೆಗೆ ಬಳಸುವ ದಪ್ಪ ಅಕ್ಷರದಲ್ಲಿ ಒಂದು ಹಾಳೆ ಇತ್ತು: ಮುಟ್ಟಬೇಡಿ, ಮದುವೆ ನಡೆಯುತ್ತಿದೆ.

ಚೌಡಪ್ಪನವರು ಅದನ್ನು ಓದಿ, ಕನ್ನಡಕ ತೆಗೆದು ಮತ್ತೆ ಓದಿ, “ಅಲ್ಪವಿರಾಮ ಸರಿಯಾಗಿದೆ,” ಎಂದು ತಮ್ಮ ಕುರ್ಚಿಗೆ ಹೋದರು. ಅಂದಿನಿಂದ ಅವರು ಒಳಗೆ ಬಂದ ಕೂಡಲೇ ಕೇಳುತ್ತಿದ್ದುದು ಒಂದೇ: “ಎಷ್ಟಾಯ್ತಮ್ಮ ಸ್ಕೋರು?”

“ನಲವತ್ತೇಳು ಸಾರ್, ನಾಟ್ ಔಟ್.”

ಮಾರ್ಚ್ ಮುಗಿಯುವ ಹೊತ್ತಿಗೆ ಮೂರು ಮದುವೆ ಮುಗಿದಿದ್ದವು. ಮೂರರಲ್ಲೂ ದೊಡ್ಡಮ್ಮ ಇದ್ದರು. ಬಾಯಿ ತೆರೆದಿದ್ದರು, ಕೈ ತಟ್ಟುತ್ತಿದ್ದರು, ಎದುರಿಗೆ ಕೂತ ಬೀಗರು ಮುಖ ಮುಚ್ಚಿಕೊಂಡು ನಗುತ್ತಿದ್ದರು. ನಾವು ಆ ಭಾಗಗಳನ್ನು ನಿಖರವಾಗಿ ಕತ್ತರಿಸಿ ಜೋಡಿಸಿದೆವು. ನಾನು ಸಿಡಿ ಹಿಡಿದು ಮುಳಬಾಗಿಲಿನ ಬಸ್ಸು ಹತ್ತಿದೆ. ನಡುಮನೆಯಲ್ಲಿ ಹದಿನೈದು ಜನ ಸೇರಿದ್ದರು. ಗಿರಿಜಕ್ಕ ಸಿಡಿ ಪ್ಲೇಯರಿಗೆ ಹಾಕಿದಳು. ಟಿವಿಯಲ್ಲಿ ದೊಡ್ಡಮ್ಮ ಬಾಯಿ ತೆರೆದರು. ಗಂಡು ಧ್ವನಿಯಲ್ಲಿ ಒಂದು ಸಿನಿಮಾ ಹಾಡು ಬಂತು.

ಎರಡನೆಯ ಮದುವೆಯಲ್ಲಿ ಇನ್ನೊಂದು ಸಿನಿಮಾ ಹಾಡು. ಮೂರನೆಯದರಲ್ಲಿ ತೆಲುಗಿನದು.

ಪತ್ರಿಕೆಯ ಕಂಪ್ಯೂಟರಿಗೆ ಸ್ಪೀಕರ್ ಇರಲಿಲ್ಲ. ಪುಟ ಕಟ್ಟಲು ಸ್ಪೀಕರ್ ಬೇಡ. ಆರು ವಾರ ನಾವು ಒಂದು ಹಾಡನ್ನು ಕಣ್ಣಿನಿಂದ ಹುಡುಕಿದ್ದೆವು. ಸ್ಟುಡಿಯೊದವರು ಮದುವೆಯ ನಿಜವಾದ ಸದ್ದನ್ನೆಲ್ಲ ತೆಗೆದುಹಾಕಿ ಸಿನಿಮಾ ಹಾಡು ಸೇರಿಸುವುದು ಆಗಿನ ಪದ್ಧತಿಯೆಂದು ಗೊತ್ತಿದ್ದೂ ಕೇಳಿ ನೋಡಿರಲಿಲ್ಲ. ಸುದ್ದಿಯ ಮೂಲವನ್ನು ಪರಿಶೀಲಿಸಬೇಕೆಂದು ಹೊಸಬರಿಗೆ ಪಾಠ ಹೇಳುತ್ತಿದ್ದವನು ನಾನು.

ದೊಡ್ಡಮ್ಮ ಬಹಳ ಹೊತ್ತು ನಕ್ಕರು. ಸದ್ದಿಲ್ಲದ ನಗು, ಭುಜ ಮಾತ್ರ ಕುಣಿಯುತ್ತಿತ್ತು. ಆಮೇಲೆ ಬರೆದರು: ‘ಈ ಗಂಡಸಿಗೂ ಮೂರನೇ ಸಾಲು ಬರಲ್ಲ.’

ಚೌಡಪ್ಪನವರು ಮಗನ ಇಯರ್‌ಫೋನ್ ತಂದುಕೊಟ್ಟರು. ಉಳಿದ ಎಂಟು ಸಿಡಿಗಳನ್ನು ಇಳಿಸದೆಯೇ, ಬರಿದೆ ಕೇಳಿ ನೋಡಲು ಒಂದೇ ಬೆಳಗು ಸಾಕಾಯಿತು. ಎಂಟರಲ್ಲೂ ಸಿನಿಮಾ ಹಾಡು. ಸ್ಟುಡಿಯೊಗಳಿಗೆ ಹೋಗಿ ಮೂಲ ಕ್ಯಾಸೆಟ್ ಕೇಳಿದೆ. ಒಂದು ಮದುವೆಯ ಕ್ಯಾಸೆಟ್ಟಿನ ಮೇಲೆ ಮುಂದಿನ ಮದುವೆ ತೆಗೆಯುತ್ತಾರೆ, ಮೂಲ ಎಂಬುದು ಉಳಿಯುವುದಿಲ್ಲ ಎಂದು ಗೊತ್ತಾಯಿತು. ಏಪ್ರಿಲ್ 10ರ ಪುಟದಲ್ಲಿ ‘ಹನ್ನೊಂದೂ ಇಲ್ಲ’ ಎಂದಷ್ಟೇ ಬರೆದಿದ್ದೇನೆ.

ದಾರಿ ತೋರಿಸಿದ್ದು ಒಂದು ಬೈಗುಳ. ಕ್ಯಾಲನೂರಿನ ಹಾಲಿನ ಡೈರಿಯ ಕಾರ್ಯದರ್ಶಿ ಮುನಿರೆಡ್ಡಿ ಹಾಲಿನ ದರದ ಸುದ್ದಿ ಕೊಡಲು ಕಚೇರಿಗೆ ಬಂದಿದ್ದರು. ಗೋಡೆಯ ಮೇಲಿನ ಮದುವೆಗಳ ಪಟ್ಟಿ ಓದಿ, ಅದೇನೆಂದು ಷಾಹೀನಳಿಂದ ಕೇಳಿ ತಿಳಿದು, “ನಂಜಮ್ಮೋರು ನಮ್ಮನೆ ಮದುವೇಲೂ ಹೇಳಿದ್ರಲ್ಲ ಸಾ. ಅವರು ನಮ್ಮೂರಲ್ಲಿ ಆರು ವರ್ಷ ಇದ್ರು,” ಎಂದರು.

ನಾನು ಸಿಡಿ ಇದೆಯೇ ಎಂದೆ.

“ಐತೆ. ಅದೂ ಒಂದು ಸೀಡಿನಾ? ನನ್ನ ಬಾಮೈದನ ಕಡೆ ಹುಡುಗ ತೆಗೆದಿದ್ದು. ಅವನಿಗದೇ ಮೊದಲನೇ ಮದುವೆ. ಹಾಡೇ ಹಾಕಿಲ್ಲ ಸಾಮಿ. ಬರೀ ಗಲಾಟೆ. ಪಾತ್ರೆ ಸದ್ದು, ಮಕ್ಕಳು ಅಳೋದು, ನಮ್ಮತ್ತೆ ಕೆಮ್ಮೋದು. ಮಿಕ್ಸಿಂಗ್ ಬರಲ್ವಂತೆ ಅವನಿಗೆ. ಇನ್ನೊಂದು ಕಾಪಿ ಮುಖದ ಮೇಲೆ ಎಸೆದು ಕಳಿಸಿದೆ. ಇದೊಂದನ್ನ ನಮ್ಮವಳು ಕೊಡಲಿಲ್ಲ.”

ಷಾಹೀನ ಟೈಪ್ ಮಾಡುವುದನ್ನು ನಿಲ್ಲಿಸಿದ್ದಳು. “ಹಾಡು ಹಾಕಿಲ್ವಾ?” ಎಂದಳು, ನಿಧಾನವಾಗಿ.

“ಒಂದೂ ಇಲ್ಲಮ್ಮ.”

“ಸಾರ್,” ಎಂದು ನನ್ನನ್ನು ನೋಡಿದಳು. ಅಷ್ಟೇ ಹೇಳಿದಳು. ನಾನು ಅಷ್ಟರಲ್ಲಿ ಚಪ್ಪಲಿ ಹಾಕುತ್ತಿದ್ದೆ.

ಸಿಡಿ ಕೈಗೆ ಬಂದದ್ದು ಏಪ್ರಿಲ್ 18ರ ಸಂಜೆ. ಮುನಿರೆಡ್ಡಿಯ ಹೆಂಡತಿ ಜಯಮ್ಮ ಅದನ್ನು ದೇವರ ಮನೆಯಿಂದ ತಂದು, ಸೆರಗಿನಲ್ಲಿ ಚೆನ್ನಾಗಿ ಒರೆಸಿ ಕೊಟ್ಟರು. ಒಂದು ಬದಿಯಲ್ಲಿ ಮದುಮಕ್ಕಳ ಫೋಟೊ ಅಂಟಿಸಿತ್ತು. 19ರ ಬೆಳಿಗ್ಗೆ ಏಳಕ್ಕೆ ಹಾಕಿದೆವು. ಸುಮ್ಮನೆ ಓಡಿಸಿ ನೋಡಿದರೆ ತಡವರಿಸಿ ನಿಂತಿತು. ಇಳಿಸಲು ಕೊಟ್ಟೆವು. ಹತ್ತು ನಿಮಿಷದ ಕೆಲಸ ನಾಲ್ಕು ಗಂಟೆ ಹಿಡಿಯಿತು. ಶೇಕಡ 60 ದಾಟಿದ ಮೇಲೆ ಅಂಕಿ ಕದಲಲೇ ಇಲ್ಲ. ಡ್ರೈವು ಒಳಗೆ ಗರಗರ ಸುತ್ತುವುದು, ನಿಲ್ಲುವುದು, ಮತ್ತೆ ಸುತ್ತುವುದು. 63ಕ್ಕೆ ಬಂದು, ಓದಲಾಗುತ್ತಿಲ್ಲ ಎಂಬ ಸಂದೇಶ ತೋರಿಸಿ ನಿಂತುಹೋಯಿತು.

ಇಳಿದಷ್ಟನ್ನು ಕೇಳೋಣವೆಂದಳು ಷಾಹೀನ. ಇಯರ್‌ಫೋನಿನ ಒಂದು ತುದಿ ಅವಳ ಕಿವಿಯಲ್ಲಿ, ಇನ್ನೊಂದು ನನ್ನ ಕಿವಿಯಲ್ಲಿ. ಪಾತ್ರೆ, ಮಕ್ಕಳು, ಕೆಮ್ಮು. ಯಾರೋ ಎಲೆ ಹಾಕಿ ಎಂದು ಕೂಗಿದರು. ಆಮೇಲೆ ಚಪ್ಪಾಳೆ ಶುರುವಾಯಿತು. ಅದರ ಮೇಲೆ ದೊಡ್ಡಮ್ಮನ ಧ್ವನಿ.

*ಶ್ರೀನಿವಾಸಪುರದ ಬೀಗರು ಮಾವಿನ ಹಾಗೆ,*
*ಹೊರಗೆ ಬಣ್ಣ, ಕಚ್ಚಿದರೆ ಹುಳಿ...*

ಮೂರನೆಯ ಸಾಲಿನ ಮೊದಲ ಅಕ್ಷರಕ್ಕೆ ಬಾಯಿ ತೆರೆದರು. ಅಲ್ಲಿಗೆ ಮುಗಿಯಿತು.

ಷಾಹೀನ ಇಯರ್‌ಫೋನ್ ತೆಗೆದು ಚೌಡಪ್ಪನವರ ಕಿವಿಗೆ ಇಟ್ಟಳು. ಅವರು ಕೇಳಿ, “ಮುಂದಕ್ಕೆ?” ಎಂದರು.

“ಮುಂದಕ್ಕೆ ಇಲ್ಲ ಸಾರ್.”

“ಏನಮ್ಮ ಇದು, ಮುಖಪುಟದ ಸುದ್ದಿಗೆ ‘ಮುಂದುವರಿದದ್ದು ನಾಲ್ಕನೇ ಪುಟಕ್ಕೆ’ ಅಂತ ಹಾಕಿ ನಾಲ್ಕನೇ ಪುಟಾನೇ ಅಚ್ಚು ಹಾಕದಂಗೆ.”

ಸಿಡಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆವು. ಹೊಳೆಯುವ ಬದಿಯಲ್ಲಿ, ಅಂಚಿಗೆ ಒಂದು ಬೆರಳು ಒಳಗೆ, ಕಡಲೆ ಗಾತ್ರದ ಒಂದು ಕಿತ್ತಳೆ ಕಲೆ. ಅದರ ಸುತ್ತ ಚಕ್ರಾಕಾರವಾಗಿ ಒರೆಸಿದ ಸಣ್ಣ ಗೀರುಗಳು. ಏನೆಂದು ತಿಳಿಯದೆ ಒರೆಸುವುದು ಬೇಡವೆಂದಳು ಷಾಹೀನ. ಮರುದಿನ ನಾನು ಮತ್ತೆ ಕ್ಯಾಲನೂರಿಗೆ ಹೋದೆ.

ಜಯಮ್ಮ ಕಲೆ ನೋಡಿ ಗಾಬರಿಯಾದರು. “ಅಯ್ಯೋ, ಅದು ಕುಂಕುಮ ಸಾ. ಮಗಳ ಮದುವೆ ಸೀಡಿ, ಮನೇಗ್ ಬಂದ ದಿನ ದೇವರ ಮುಂದೆ ಇಟ್ಟು ಎಣ್ಣೇಲಿ ಕಲಸಿ ಅರಿಸಿನ ಕುಂಕುಮ ಇಟ್ಟೆ. ಆಮೇಲೆ ವರ್ಷಾ ವರ್ಷಾ ಆಯುಧ ಪೂಜೆಗೂ ಇಡ್ತೀನಿ.”

“ಈ ಬದಿಗೆ ಯಾಕಮ್ಮ ಇಟ್ರಿ?”

“ಆ ಬದಿಗೆ ಮಗಳು ಅಳಿಯನ ಫೋಟೊ ಐತಲ್ಲ. ಅಳಿಯನ ಮುಖದ ಮೇಲೆ ಇಡೋಕಾಗ್ತದಾ? ಇದು ಕನ್ನಡಿ ತರ ಹೊಳೀತದೆ. ಕನ್ನಡಿಗೆ ಇಟ್ಟಂಗೆ ಇಟ್ಟೆ.”

ಮುನಿರೆಡ್ಡಿ ಹೆಂಡತಿಯ ಕಡೆ ತಿರುಗಿ, “ಅದಕ್ಕೇ ಕಣೇ ಅದು ಓಡ್ತಿರಲಿಲ್ಲ. ನಾನು ಆ ಹುಡುಗನ್ನ ಬೈದೆ,” ಎಂದರು. ಜಯಮ್ಮ, “ನೀನು ಬೈದಿದ್ದು ಹಾಡು ಹಾಕಿಲ್ಲ ಅಂತ,” ಎಂದರು. ಅವರ ವಾದ ನಾನು ಬಸ್ಸು ಹತ್ತುವವರೆಗೂ ಮುಗಿದಿರಲಿಲ್ಲ.

ಅಂದರೆ ವರ್ಷಕ್ಕೊಂದು ಸಲ, ಅದೇ ಜಾಗದಲ್ಲಿ, ದೊಡ್ಡಮ್ಮನ ಮೂರನೆಯ ಸಾಲಿನ ಮೇಲೆ ಪೂಜೆ ನಡೆದಿತ್ತು.

ಎಣ್ಣೆಯೆಂದು ತಿಳಿದ ಮೇಲೆ ಷಾಹೀನ ಕೆಲಸಕ್ಕೆ ಕೈ ಹಾಕಿದಳು. ಸಾಬೂನಿನ ನೀರಿನ ಒಂದು ಹನಿ, ಹಳೆಯ ನೂಲು ಬಟ್ಟೆಯ ತುಂಡು. ಒಳಗಿನಿಂದ ಅಂಚಿಗೆ ನೇರವಾಗಿ ಎಳೆಯಬೇಕು, ಸುತ್ತಿ ಒರೆಸಿದರೆ ಗೀರು ದಾರಿಯುದ್ದಕ್ಕೂ ಬೀಳುತ್ತದೆ ಎಂದು ಹೇಳುತ್ತ ಒಂದೊಂದೇ ಸಲ ಎಳೆದಳು. ಕಲೆ ತೆಳುವಾಯಿತು. ಹೊಸ ಡ್ರೈವು ಆಗಲೂ 63ಕ್ಕೇ ನಿಂತಿತು. ನಾಲ್ಕು ದಿನ, ನಾಲ್ಕು ಬೆಳಗು. ನೋಟ್‌ಬುಕ್ಕಿನಲ್ಲಿ 63, 63, 62, 63 ಎಂದಿದೆ.

ಐದನೆಯ ದಿನ ಅವಳು ಮೂಲೆಯ ಹಳೆಯ ಕಂಪ್ಯೂಟರನ್ನು ನೋಡುತ್ತ ನಿಂತಿದ್ದಳು.

“ಸಾರ್, ಹೊಸದು ಬಹಳ ಜೋರಾಗಿ ಸುತ್ತತ್ತೆ. ತಡವರಿಸಿದ ಕಡೆ ಬಿಟ್ಟು ಓಡತ್ತೆ. ಆ ಮುದುಕ ನಿಧಾನ. ಅವನಿಗೆ ಓದೋಕೆ ಕೊಟ್ಟು ನೋಡೋಣ.”

ಜಾಹೀರಾತಿನ ಕಂಪ್ಯೂಟರಿನ ಸಿಡಿ ಡ್ರೈವು ಬಿಚ್ಚಿ ಹೊಸದಕ್ಕೆ ಜೋಡಿಸಿದೆವು. ಸ್ಕ್ರೂ ಒಂದು ಕಳೆದುಹೋಯಿತು. ಡ್ರೈವನ್ನು ಪೆಟ್ಟಿಗೆಯ ಒಳಗೆ ಕೂರಿಸಲಾಗದೆ ಎರಡು ದೂರವಾಣಿ ಡೈರೆಕ್ಟರಿಗಳ ಮೇಲೆ ಮಲಗಿಸಿದೆವು. ಅದು ಏಪ್ರಿಲ್ 28, ಶುಕ್ರವಾರ. ಅಂದು ನಮ್ಮ ಬೀದಿಗೆ ಕಡಿತ ಇಲ್ಲವೆಂದು ಪ್ರಕಟಣೆ ಹೇಳಿತ್ತು. ಬೆಳಿಗ್ಗೆ 7.05ಕ್ಕೆ ಶುರು. 60 ಆದದ್ದು 8.40ಕ್ಕೆ. 61. 62ಕ್ಕೆ ಇಪ್ಪತ್ತು ನಿಮಿಷ. ಚೌಡಪ್ಪನವರು ಅಂದು ಬೇಗ ಬಂದಿದ್ದರು. ಪೇಪರ್ ಓದುವವರಂತೆ ಕೂತಿದ್ದರು, ಪೇಪರ್ ತಲೆಕೆಳಗಾಗಿತ್ತು. 63. ಡ್ರೈವು ಉಸಿರೆಳೆದುಕೊಂಡಂತೆ ನಿಂತಿತು, ಸುತ್ತಿತು, ನಿಂತಿತು, ಸುತ್ತಿತು.

9.31ಕ್ಕೆ 64 ಆಯಿತು.

65 ಆದ ಮೇಲೆ ಷಾಹೀನ, “ಯಾ ಅಲ್ಲಾ,” ಎಂದು ಕುರ್ಚಿಗೆ ಒರಗಿದಳು. ಆಮೇಲೆ ಅಂಕಿಗಳು ಓಡತೊಡಗಿದವು. ಹತ್ತಕ್ಕೆ ನೂರು.

ಇಳಿಸಿದ್ದು ಅರ್ಧ ಕೆಲಸ. ಇನ್ನು ಕನ್ವರ್ಟ್ ಮಾಡಬೇಕು, ಮೂರಕ್ಕೆ ಪುಟ ಶುರುವಾಗಬೇಕು. ಜಾಗವಿಲ್ಲದ ಕಾರಣ ಉಳಿದಿದ್ದ ಎರಡು ಮದುವೆಗಳನ್ನೂ ಅಳಿಸಿದೆವು. 10.15ಕ್ಕೆ ಹಾಕಿದ್ದು ಒಂದೂವರೆಯ ಹೊತ್ತಿಗೆ 88 ತೋರಿಸುತ್ತಿದ್ದಾಗ ಆಕಾಶ ಕಪ್ಪಾಯಿತು. ಗಾಳಿ ಎದ್ದಿತು. ಟೊಮೆಟೊ ಮಂಡಿಯ ಕಡೆಯಿಂದ ಖಾಲಿ ಕ್ರೇಟುಗಳು ಉರುಳುವ ಸದ್ದು ಬಂತು. ಒಂದು ಗುಡುಗು, ಕರೆಂಟು ಹೋಯಿತು. ಯುಪಿಎಸ್ ಕೂಗತೊಡಗಿತು.

“ಹದಿನೈದು ನಿಮಿಷ,” ಎಂದೆ.

“ಮಾನಿಟರ್ ಆಫ್ ಮಾಡಿ ಸಾರ್. ಅದೇ ಜಾಸ್ತಿ ತಿನ್ನೋದು. ಇನ್ನೂ ಹತ್ತು ನಿಮಿಷ ಸಿಗತ್ತೆ.”

ಮಾನಿಟರ್ ಆರಿಸಿದೆವು. ಅಂಕಿ ಈಗ ಕಾಣುತ್ತಿರಲಿಲ್ಲ. ಪೆಟ್ಟಿಗೆಯ ಮುಂದಿನ ಕೆಂಪು ದೀಪ ಮಿಣುಕುತ್ತಿರುವುದಷ್ಟೇ ಆಧಾರ. ಮಳೆ ಕಿಟಕಿಯಿಂದ ಒಳಗೆ ಬರುತ್ತಿತ್ತು. ಚೌಡಪ್ಪನವರು ಮೂರು ದಿನದ ಹಳೆ ಪತ್ರಿಕೆಗಳನ್ನು ಹರಡಿ ಕಂಪ್ಯೂಟರಿನ ಪಕ್ಕ ಅಡ್ಡ ನಿಂತರು. ನಾನು ಗಡಿಯಾರ ನೋಡಿ ಬರೆದುಕೊಳ್ಳುತ್ತಿದ್ದೆ: ಹನ್ನೆರಡು ನಿಮಿಷ. ಹದಿನಾರು. ಹತ್ತೊಂಬತ್ತು. ಯುಪಿಎಸ್‌ನ ಕೂಗು ಬಿಟ್ಟು ಬಿಟ್ಟು ಬರುತ್ತಿದ್ದುದು ಒಂದೇ ಸಮನೆ ಆಯಿತು. ಇಪ್ಪತ್ತೆರಡನೆಯ ನಿಮಿಷಕ್ಕೆ ಕೆಂಪು ದೀಪ ನಿಂತಿತು.

ಮುಗಿದು ನಿಂತಿತೋ, ಸತ್ತು ನಿಂತಿತೋ ತಿಳಿಯಲಿಲ್ಲ. ಷಾಹೀನ ಮಾನಿಟರ್ ಹಾಕಿದಳು. ಪರದೆಯ ನಡುವೆ ಒಂದು ಸಣ್ಣ ಕಿಟಕಿ, ಅದರಲ್ಲಿ ನೂರು. ಅವಳು ಯಂತ್ರವನ್ನು ಕ್ರಮವಾಗಿ ಆರಿಸಿ ಮುಗಿಸುವಷ್ಟರಲ್ಲಿ ಯುಪಿಎಸ್ ಮಲಗಿತು.

ಸಂಜೆ ಕರೆಂಟು ಬಂದ ಮೇಲೆ ಹಾಡನ್ನು ಪೂರ್ತಿ ಕೇಳಿದೆವು. ಮೂರನೆಯ ಸಾಲಿತ್ತು. *ಗೌರವದಿಂದ ಒಳಗೆ ಕರೆಯಿರಮ್ಮ* ಎಂದು ಮೇಲೆ, ಇನ್ನೂ ಮೇಲೆ ಹೋಗಿತ್ತು. ಅದರ ಕೊನೆಯಲ್ಲಿ ಎರಡು ಸೆಕೆಂಡು ಏನೂ ಇರಲಿಲ್ಲ. ಮುದುಕನಿಗೂ ಓದಲಾಗದ ಕಡೆ ಚಿತ್ರ ಹಾಗೇ ನಿಂತಿತ್ತು, ಸದ್ದಿಲ್ಲ. ಚಪ್ಪಾಳೆಗೆ ಎತ್ತಿದ ದೊಡ್ಡಮ್ಮನ ಬಲಗೈ ಗಾಳಿಯಲ್ಲಿ ಸ್ತಬ್ಧವಾಗಿತ್ತು. ಆಮೇಲೆ ನಾಲ್ಕನೆಯ ಸಾಲು: *ಭರಣಿಗೆ ಹಾಕಿ ಮುಚ್ಚಿಡಿರಮ್ಮ.* ಹೆಂಗಸರೆಲ್ಲ ‘ಹೌದೇನಮ್ಮ, ಹೌದಮ್ಮ’ ಎನ್ನಬೇಕಾದ ಜಾಗ ಆ ಎರಡು ಸೆಕೆಂಡಿನಲ್ಲಿ ಹೋಗಿತ್ತು. ನಾನು ಹೊಸ ಸಿಡಿಯ ಕಾಗದದ ಹೊದಿಕೆಯ ಮೇಲೆ ಬರೆದೆ: ‘ಮೂರನೆಯ ಸಾಲಿನ ನಂತರ ಎರಡು ಸೆಕೆಂಡು ನಷ್ಟವಾಗಿದೆ.’

ಏಪ್ರಿಲ್ 30ರ ಭಾನುವಾರ ಮುಳಬಾಗಿಲಿಗೆ ಹೋಗಿ ಮೊದಲು ಹೇಳಿದ್ದು ಕುಂಕುಮದ ವಿಷಯ. ಸಿಡಿಗೆ ಇಡಬಾರದು, ಯಾವ ಬದಿಗೂ ಇಡಬಾರದು. ದೊಡ್ಡಮ್ಮ ತಲೆಯಾಡಿಸಿದರು. ಸಿಡಿಯನ್ನು ಹೊರಗೆ ತೆಗೆದುಕೊಟ್ಟು, ಖಾಲಿ ಹೊದಿಕೆಯನ್ನು ದೇವರ ಮುಂದಿಟ್ಟು, ಅದಕ್ಕೆ ಧಾರಾಳವಾಗಿ ಅರಿಸಿನ ಕುಂಕುಮ ಇಟ್ಟರು. ನನ್ನ ಟಿಪ್ಪಣಿ ಅದರಡಿಗೆ ಹೋಯಿತು.

ಗಿರಿಜಕ್ಕ ಸಿಡಿ ಹಾಕಿದಳು, ಹಾಡು ಬಂತು. ದೊಡ್ಡಮ್ಮ ಟಿವಿಯಲ್ಲಿದ್ದ ತಮ್ಮನ್ನು, ಬೇರೆ ಯಾರನ್ನೋ ಪರೀಕ್ಷೆ ಮಾಡುವವರಂತೆ, ಕಣ್ಣು ಕಿರಿದು ಮಾಡಿ ನೋಡಿದರು. ಮುಗಿದ ಮೇಲೆ ಬರೆದರು: ‘ಎರಡನೇ ಸಾಲಲ್ಲಿ ಸ್ವಲ್ಪ ಅವಸರ ಮಾಡಿದ್ದೀನಿ.’ ಆಮೇಲೆ ಒರೆಸಿ, ಗಿರಿಜಕ್ಕನ ಕಡೆ ತಿರುಗಿಸಿದರು: ‘ಹೇಳು.’

ಗಿರಿಜಕ್ಕ ಆ ವಾರ ಅಡುಗೆಮನೆಯಲ್ಲಿ, ಬಚ್ಚಲಲ್ಲಿ, ಛತ್ರಕ್ಕೆ ಸಾಮಾನು ಕಟ್ಟುವಾಗ ಅದನ್ನೇ ಹೇಳಿದಳೆಂದು ಸುಧಾ ಫೋನಿನಲ್ಲಿ ತಿಳಿಸಿದಳು. “ಮನೇಲಿ ಎಲ್ಲರಿಗೂ ಮೂರನೇ ಸಾಲು ಬಂದ್ಬಿಟ್ಟಿದೆ ಕಣಣ್ಣ. ಹಾಲಿನವನಿಗೂ ಬರತ್ತೆ.”

ಮೇ 7ರಂದು ಮಾಲೂರಿನ ಛತ್ರದಲ್ಲಿ ಧಾರೆ ಮುಗಿದು, ಬೀಗರನ್ನು ಸಾಲಾಗಿ ಕೂರಿಸಿದ್ದು ಮಧ್ಯಾಹ್ನ 12 ಗಂಟೆ 10 ನಿಮಿಷಕ್ಕೆ. ಗಂಡಿನ ತಂದೆ ಮೀಸೆ ತೀಡಿಕೊಂಡು ನಡುವೆ ಕೂತಿದ್ದರು. ಷಾಹೀನ ಹೆಂಗಸರ ಸಾಲಿನಲ್ಲಿ, ದೊಡ್ಡಮ್ಮನ ಪಕ್ಕ ಇದ್ದಳು. ಚೌಡಪ್ಪನವರು ಕಂಬಕ್ಕೆ ಒರಗಿ ನಿಂತಿದ್ದರು. ಗಿರಿಜಕ್ಕ ಗಂಟಲು ಸರಿಮಾಡಿಕೊಂಡಳು.

*ಮಾಲೂರಿನ ಬೀಗರು ಹೆಂಚಿನ ಹಾಗೆ,*
*ಬಿಸಿಲಿಗೆ ಕಾಯ್ತಾರೆ, ಮಳೆಗೆ ಸೋರ್ತಾರೆ,*

ಮೂರನೆಯ ಸಾಲಿಗೆ ಅವಳ ಧ್ವನಿ ಏರಿತು. ಸರಿಯಾಗಿ, ಎಲ್ಲಿ ಏರಬೇಕೋ ಅಲ್ಲಿ.

*ಮೇಲೆ ಹತ್ತಿಸಿ ಕೂರಿಸಿರಮ್ಮ...*

ಹಿಂದಿನ ಹೆಂಗಸರು ‘ಹೌದೇನಮ್ಮ’ ಎನ್ನಲು ಬಾಯಿ ತೆರೆದರು. ಗಿರಿಜಕ್ಕ ಬಲಗೈ ಎತ್ತಿ ಗಾಳಿಯಲ್ಲಿ ಹಾಗೇ ಹಿಡಿದಳು. ಹೆಂಗಸರು ಬಾಯಿ ಮುಚ್ಚಿದರು. ಛತ್ರವೆಲ್ಲ ಎರಡು ಸೆಕೆಂಡು ನಿಶ್ಶಬ್ದವಾಯಿತು. ಮೇಲೆ ಕೂರಿಸುತ್ತಾರೆಂದು ಗಂಡಿನ ತಂದೆ ಬೀಗುತ್ತ ತಲೆಯಾಡಿಸಲು ಅಷ್ಟು ಹೊತ್ತು ಸಾಕಾಯಿತು.

*ಇಳಿಯೋಕೆ ಏಣಿ ಕೊಡಬೇಡಿರಮ್ಮ.*

ಮೊದಲು ನಕ್ಕವರು ಅವರೇ. ಆಮೇಲೆ ಎರಡೂ ಕಡೆಯವರು. ಅಡುಗೆಯವರು ಸೌಟು ಹಿಡಿದು ಹೊರಗೆ ಬಂದರು. ಇನ್ನೊಂದು ಸಲ ಹೇಳಿಸಿದರು, ಮತ್ತೆ ಇನ್ನೊಂದು ಸಲ. ಪ್ರತಿ ಸಲವೂ ಗಿರಿಜಕ್ಕ ಕೈಯನ್ನು ಅಷ್ಟೇ ಹೊತ್ತು ಮೇಲೆ ಹಿಡಿದಳು.

ನಾನು ದೊಡ್ಡಮ್ಮನ ಹತ್ತಿರ ಹೋಗಿ, ಅಲ್ಲಿ ತಡೆ ಇರಲಿಲ್ಲ, ಅದು ಸಿಡಿ ಓದದ ಜಾಗ, ಹೊದಿಕೆಯ ಮೇಲೆ ಬರೆದಿದ್ದೆ ಎಂದೆ. ಅವರು ಸ್ಲೇಟು ತೆಗೆದರು.

‘ಗೊತ್ತು. ಮೊದಲ ದಿನಾನೇ ಗೊತ್ತಾಯ್ತು.’

ಒರೆಸಿದರು.

‘ನಲವತ್ತು ವರ್ಷ ನಾನು ಅಲ್ಲಿ ನಿಲ್ಲಿಸಲಿಲ್ಲ. ನಿಲ್ಲಿಸಬೇಕಿತ್ತು.’

ಷಾಹೀನ ಅದನ್ನು ಓದಿ ನನ್ನ ನೋಟ್‌ಬುಕ್ಕಿನ ಕಡೆ ನೋಡಿದಳು. “ಬರ್ಕೊಳ್ಳಿ ಸಾರ್,” ಎಂದಳು. ಬರೆದುಕೊಂಡೆ.

ಗೋಡೆಯ ಪಟ್ಟಿಯನ್ನು ಮೇ 8ರಂದು ಕಿತ್ತೆವು. ಹಳೆಯ ಡ್ರೈವು ಮತ್ತೆ ಜಾಹೀರಾತಿನ ಕಂಪ್ಯೂಟರಿಗೆ ಹೋಯಿತು, ಒಂದು ಸ್ಕ್ರೂ ಕಡಿಮೆ. ಮಾನಿಟರಿನ ಮೇಲಿನ ಹಾಳೆಯನ್ನು ಚೌಡಪ್ಪನವರು ತೆಗೆಯಗೊಡಲಿಲ್ಲ. ಕ್ಯಾಲನೂರಿನ ಸಿಡಿಯನ್ನು ಜಯಮ್ಮನಿಗೆ ಹಿಂತಿರುಗಿಸಿದೆ. ಮುನಿರೆಡ್ಡಿ ಬಾಮೈದನ ಕಡೆಯ ಆ ಹುಡುಗನನ್ನು ಎರಡನೆಯ ಮಗಳ ಮದುವೆಗೆ ಕರೆಸಿದರು. ಅಷ್ಟರಲ್ಲಿ ಅವನು ಮಿಕ್ಸಿಂಗ್ ಕಲಿತಿದ್ದ.

ಕಳೆದ ಫೆಬ್ರವರಿಯಲ್ಲಿ ಮುಳಬಾಗಿಲಿನಲ್ಲಿ ನಮ್ಮ ಬಳಗದ ಒಂದು ಮದುವೆ ನಡೆಯಿತು. ಬೀಗರು ಕೋಲಾರದವರು. ಹಾಡಿದವಳು ಗಿರಿಜಕ್ಕನ ಮಗಳು ಅನುಷಾ. ಅವಳು ಆ ಸಿಡಿಯನ್ನು ನೋಡಿಲ್ಲ, ತಾಯಿಯಿಂದ ಕಲಿತವಳು. ಟೊಮೆಟೊ ಹಾಗೆ ಬೆಳಿಗ್ಗೆ ಒಂದು ರೇಟು ಸಂಜೆಗೆ ಒಂದು ರೇಟು ಎಂಬುದು ಅವಳೇ ಹಾಕಿದ ಸಾಲು. ದೊಡ್ಡಮ್ಮ ಮೊದಲ ಸಾಲಿನಲ್ಲಿ, ಮಡಿಲಲ್ಲಿ ಸ್ಲೇಟು ಇಟ್ಟುಕೊಂಡು ಕೂತಿದ್ದರು. ಮೂರನೆಯ ಸಾಲು ಮುಗಿದ ಕೂಡಲೇ ಅನುಷಾ ಬಲಗೈ ಎತ್ತಿ ಗಾಳಿಯಲ್ಲಿ ಹಿಡಿದಳು. ನಾನು ಗಡಿಯಾರ ನೋಡಿದೆ. ಎರಡು ಸೆಕೆಂಡು.